ಚೆನ್ನಾಗಿದ್ದೇನೆ ಎನ್ನದ ಊರಿಗೆ ಆರೋಗ್ಯ ವಿಮೆ

ನಮ್ಮ ಕಡೆ ಬಂದರೆ ಯಾರನ್ನಾದರೂ "ಹೇಗಿದ್ದೀರಿ?" ಎಂದು ಕೇಳಿ ನೋಡಿ. ಬೇಡ, ನಿಮಗೆ ಬೇರೆ ಕೆಲಸವಿದ್ದರೆ ಕೇಳಲೇಬೇಡಿ. ತಮಿಳುನಾಡಿನ ಸೇಲಂ ಜಿಲ್ಲೆಯ ಕೊಳತ್ತೂರು, ನಂಗವಳ್ಳಿ ಸುತ್ತಲಿನ ಕನ್ನಡ ಮಾತಾಡುವ ಒಕ್ಕಲು ಮನೆಗಳಲ್ಲಿ ಆ ಪ್ರಶ್ನೆಗೆ "ಚೆನ್ನಾಗಿದ್ದೇನೆ" ಎಂಬ ಉತ್ತರ ಹುಟ್ಟಿಯೇ ಇಲ್ಲ. ಹಾಗೆಂದವನ ಮೇಲೆ ಕಣ್ಣು ಬೀಳುತ್ತದೆ, ಸಂಜೆಯೊಳಗೆ ಜ್ವರ ಬರುತ್ತದೆ ಎಂಬುದು ನಮ್ಮ ಹಿರಿಯರಿಂದ ಬಂದ ತಿಳಿವಳಿಕೆ. ಆದ್ದರಿಂದ ಗಟ್ಟಿಮುಟ್ಟಾಗಿ ಇರುವವರು ಮೊಣಕಾಲು ಹಿಡಿದುಕೊಂಡು, ಮುಖ ಹುಳ್ಳಗೆ ಮಾಡಿಕೊಂಡು, "ಏನೋ ಅವ್ನಿ ಕಣಪ್ಪ, ಉಸುರು ಓಗ್ತಾ ಬತ್ತಾ ಐತೆ" ಅನ್ನಬೇಕು. ಕೇಳಿದವರು "ಅಯ್ಯೋ ಪಾಪ" ಅನ್ನಬೇಕು. ಆಮೇಲೆ ಇಬ್ಬರೂ ಸಮಾಧಾನದಿಂದ ಟೀ ಕುಡಿಯಬೇಕು. ನಮ್ಮವ್ವ ಕೊಳತ್ತೂರಿನಲ್ಲಿ ಬಸ್ಸು ಹತ್ತಿದರೆ ಮೇಟೂರು ಬರುವವರೆಗೂ ಪಕ್ಕದಲ್ಲಿ ಕೂತವರಿಗೆ ತನ್ನ ಸೊಂಟ, ತಲೆ, ಎದೆ, ಅಂಗಾಲುಗಳ ಕಥೆಯನ್ನು ಒಂದೊಂದಾಗಿ ಹೇಳುತ್ತಾಳೆ. ಕೇಳಿದವರು ಕಣ್ಣೀರು ಹಾಕುವುದೊಂದು ಬಾಕಿ. ಬಸ್ಸಿಳಿದ ಮೇಲೆ ಕಡಲೆಕಾಯಿ ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡು ನನಗಿಂತ ಮುಂದೆ ನಡೆದು ಹೋಗುತ್ತಾಳೆ. ಕುರಿ ಸಾಕುವ ನಮ್ಮ ನೆಂಟರೂ ಹೀಗೆಯೇ. ಮೈ ತುಂಬಿ ಎದ್ದು ನಿಲ್ಲಲಾರದ ಟಗರಿನ ಪಕ್ಕದಲ್ಲಿ ನಿಂತುಕೊಂಡು, "ಎಲ್ಲಾ ಬಡಕ್ಲು ಕಣಣ್ಣ, ಮೇವೇ ಅತ್ತಲ್ಲ" ಎನ್ನುತ್ತಾರೆ.

ಈ ಮಾತು ಮನುಷ್ಯರಿಗೂ ಕುರಿಗಳಿಗೂ ಮಾತ್ರ. ಮೋಟಾರಿನ ವಿಷಯಕ್ಕೆ ಬಂದರೆ ನಮ್ಮ ಜನ ಪೂರ್ತಿ ಉಲ್ಟಾ ಹೊಡೆಯುತ್ತಾರೆ. ನನ್ನದು ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ವರ್ಕ್‌ಷಾಪು. ಬೋರ್‌ವೆಲ್ಲಿನಿಂದ ಮೇಲೆತ್ತಿ ತಂದ ಮೋಟಾರು ಕರಕಲಾಗಿ, ಇಡೀ ಬೀದಿಗೆ ಸುಟ್ಟ ವಾಸನೆ ಹೊಡೆಯುತ್ತಿದ್ದರೂ, ತಂದವರು ಕೈ ಕಟ್ಟಿಕೊಂಡು ನಿಂತು, "ಏನೂ ಆಗಿರ್ಲಿಲ್ಲ ಅಣ್ಣ, ಚೆನ್ನಾಗೇ ಓಡ್ತಿತ್ತು, ಸುಮ್ನೆ ನಿಂತೋಯ್ತು" ಎನ್ನುತ್ತಾರೆ. ಹೊಗೆ ಬಂದದ್ದು, ಗರ್ ಅಂದದ್ದು, ಫ್ಯೂಸ್ ಬದಲು ದಪ್ಪ ತಂತಿ ಹಾಕಿದ್ದು ಯಾವುದೂ ಅವರ ಬಾಯಿಂದ ಬರುವುದಿಲ್ಲ. ನಾನೂ ಕಡಿಮೆಯವನಲ್ಲ. ನಾನು ಸುತ್ತಿದ ಮೋಟಾರಿಗೆ ಗ್ಯಾರಂಟಿ ಕೊಡುತ್ತೇನೆ. ಕರೆಂಟು ಏರುಪೇರಾದರೆ ಗ್ಯಾರಂಟಿ ಇಲ್ಲ, ನೀರಿಲ್ಲದೆ ಓಡಿಸಿದರೆ ಇಲ್ಲ, ಇನ್ನೊಬ್ಬ ಮೆಕ್ಯಾನಿಕ್ ಮುಟ್ಟಿದರೆ ಇಲ್ಲವೇ ಇಲ್ಲ. ಮೋಟಾರನ್ನು ಡಬ್ಬದಿಂದ ತೆಗೆಯದೆ ಇಟ್ಟುಕೊಂಡರೆ ನನ್ನ ಗ್ಯಾರಂಟಿ ನೂರಕ್ಕೆ ನೂರು ನಡೆಯುತ್ತದೆ. ವಿಮಾ ಕಂಪನಿಗಳೆಂದರೆ ನನಗೆ ಹೆದರಿಕೆ ಇದ್ದದ್ದು ಈ ಕಾರಣಕ್ಕೇ. ಅವರೂ ನನ್ನ ಜಾತಿಯವರೇ ಎಂದು ನಾನು ತಿಳಿದಿದ್ದೆ.

ಹೆದರಿಕೆಯಿದ್ದರೂ ವಿಮೆ ಮಾಡಿಸುವ ಯೋಚನೆ ಬಂದದ್ದು ನನ್ನ ಷಡ್ಡಕನನ್ನು ನೋಡಿ. ಅವನು ಮೊರಪ್ಪೂರಿನ ಸ್ಟೇಷನ್ ಹತ್ತಿರ ಟೈರಿನ ಅಂಗಡಿ ಇಟ್ಟವನು. ಒಂದು ಸಲ ಮಲಗಿ, ಆಸ್ಪತ್ರೆ ಸೇರಿ ಬರುವಷ್ಟರಲ್ಲಿ ಅರ್ಧ ಅಂಗಡಿ ಬೇರೆಯವರದಾಗಿತ್ತು. ಸಂಬಳದವರಿಗೆ ಕಂಪನಿ ನೋಡಿಕೊಳ್ಳುತ್ತದೆ, ಬಡವರಿಗೆ ಸರ್ಕಾರದ ಕಾರ್ಡಿದೆ, ನಡುವೆ ಸ್ವಂತ ಶಟರ್ ಎತ್ತಿಕೊಂಡು ಕೂತ ನಮ್ಮಂಥವರಿಗೆ ಯಾರೂ ಇಲ್ಲ ಎಂದು ಅವನು ಹೇಳಿದ ಮಾತು ನನ್ನನ್ನು ಬಿಡಲಿಲ್ಲ. ಮೇಟೂರಿನಿಂದ ಸ್ಕೂಟಿಯಲ್ಲಿ ಬರುವ ತಂಗಮಣಿ ಎಂಬ ವಿಮಾ ಏಜೆಂಟ್ ಹೆಣ್ಣುಮಗಳು ನಮಗೆ ಗೊತ್ತಿದ್ದವರು. ಮನೆಮಾತು ತಮಿಳು. ಕೊಳತ್ತೂರಿನ ಮುದುಕಿಯರ ಜೊತೆ ಮಾತಾಡಿ ಮಾತಾಡಿ ಕನ್ನಡ ಕಲಿತದ್ದರಿಂದ, ಅವರ ಕನ್ನಡಕ್ಕೂ ಒಂದಿಷ್ಟು ಸೊಂಟನೋವು ಹತ್ತಿದೆ. ಅವ್ವ, ನನ್ನ ಹೆಂಡತಿ ಜಯಮ್ಮ, ನಾನು, ಮೂವರಿಗೂ ಸೇರಿಸಿ ಮನೆಯ ಪಾಲಿಸಿಗೆ ಅವರೇ ಅರ್ಜಿ ಹಾಕಿಸಿದರು. ಕಂಪನಿಯ ಡಾಕ್ಟರು ಫೋನು ಮಾಡಿ ನಾಲ್ಕು ಮಾತು ಕೇಳುತ್ತಾರೆ, ಇದ್ದದ್ದು ಇದ್ದ ಹಾಗೆ ಹೇಳಿ ಎಂದು ಹೇಳಿಹೋದರು.

ಫೋನು ಬಂತು. ಬಂದದ್ದು ಜಯಮ್ಮನ ಮೊಬೈಲಿಗೆ. ನಮ್ಮ ವರ್ಕ್‌ಷಾಪಿನ ಬೋರ್ಡಿನ ಮೇಲೆ ಇರುವುದೂ ಅವಳ ನಂಬರೇ, ಏಕೆಂದರೆ ನನ್ನ ಕೈಯಲ್ಲಿ ಯಾವಾಗಲೂ ಗ್ರೀಸು. ಮೊದಲು ಅವ್ವನ ಸರದಿ. "ಪಾಟಿ, ಉಡಂಬು ಎಪ್ಪಡಿ ಇರುಕ್ಕು?" ಎಂದು ಡಾಕ್ಟರಮ್ಮ ತಮಿಳಿನಲ್ಲಿ ಬಹಳ ಪ್ರೀತಿಯಿಂದ, ಅಜ್ಜಿ, ಮೈ ಹೇಗಿದೆ ಎಂದು ಕೇಳಿದರು. ಇಷ್ಟು ಪ್ರೀತಿಯಿಂದ ಕೇಳಿದವರ ಮುಂದೆ ಚೆನ್ನಾಗಿದ್ದೇನೆ ಎಂದು ಹೇಗೆ ಮೆರೆಯುವುದು? "ಎನ್ನ ಕಣ್ಣು ಸೊಲ್ರದು", ಏನಂತ ಹೇಳಲಿ ಕಂದಾ, ಎಂದು ಶುರು ಮಾಡಿದಳು ಅವ್ವ. ಆಮೇಲೆ ತಮಿಳು ಸಾಲದೆ ಕನ್ನಡಕ್ಕೆ ಇಳಿದಳು. ಸಕ್ಕರೆ ಕಾಯಿಲೆ ಇದೆಯೇ ಎಂದರೆ, "ಯಾರ್ಗಿಲ್ಲ ತಾಯಿ ಇವಾಗ, ನಮ್ಗೂ ಇದ್ದೇ ಇರ್ತದೆ." ಬಿ.ಪಿ.? "ಅದೂ ಐತೆ ಅಂತ್ಲೇ ಇಟ್ಕೊ." ಹೃದಯದ ತೊಂದರೆ? "ಡಬಡಬ ಅಂತದೆ, ಯಾವತ್ತು ನಿಂತೋಯ್ತದೋ ಆ ಮಾದಪ್ಪಂಗೇ ಗೊತ್ತು." ಜೀವಮಾನದಲ್ಲಿ ಒಂದು ಗುಳಿಗೆ ನುಂಗದ ಹೆಂಗಸು ಇವಳು. ನಂತರ ಜಯಮ್ಮ. ಅತ್ತೆ ಇಷ್ಟು ಕಾಯಿಲೆ ಹೇಳಿಕೊಂಡ ಮೇಲೆ ಸೊಸೆ ಆರೋಗ್ಯವಾಗಿರುವುದು ಮರ್ಯಾದೆಯಲ್ಲ. ಹಾಗೆಂದು ಅತ್ತೆಯನ್ನು ಮೀರಿಸುವುದೂ ಸರಿಯಲ್ಲ. ಒಂದು ಮೆಟ್ಟಿಲು ಕೆಳಗೆ ನಿಂತು, ತಲೆಸುತ್ತು ಮತ್ತು ಉಬ್ಬಸದಲ್ಲಿ ಮುಗಿಸಿದಳು. ನನ್ನ ಕಿವಿಗೆ ಫೋನು ಹಿಡಿದಾಗ, ಮೋಟಾರಿನ ಕೆಳಗೆ ಮಲಗಿದ್ದ ನಾನು "ಏದೋ ಓಡುದು ಮೇಡಂ" ಎಂದೆ. ಹೇಗೋ ಓಡುತ್ತಿದೆ ಎನ್ನುವುದು ನಮ್ಮಲ್ಲಿ ಅತ್ಯುತ್ತಮ ಆರೋಗ್ಯ. ಡಾಕ್ಟರಮ್ಮನಿಗೆ ಅದು ಗೊತ್ತಿರಬೇಕಲ್ಲ?

ವಾರದೊಳಗೆ ಕಂಪನಿಯಿಂದ ವಿನಯವಾದ ಮೆಸೇಜು ಬಂತು. ನಿಮ್ಮ ಅರ್ಜಿಯನ್ನು ಒಪ್ಪಿಕೊಳ್ಳಲು ಆಗುತ್ತಿಲ್ಲ, ವಿಷಾದಿಸುತ್ತೇವೆ ಎಂದು. ಕಟ್ಟಿದ ಹಣವೂ ವಾಪಸು. ನನಗೆ ಅವಮಾನ. ಅವ್ವನಿಗೆ ಮಾತ್ರ ಹಿಡಿಸಲಾರದಷ್ಟು ಸಂತೋಷ. "ನೋಡ್ದೇನ್ಲಾ? ನಾನು ಇಷ್ಟ್ ವರ್ಸದಿಂದ ಉಷಾರಿಲ್ಲ ಉಷಾರಿಲ್ಲ ಅಂತ ಬಡ್ಕೊಂಡ್ರೂ ನೀವ್ಯಾರೂ ನಂಬ್ಲಿಲ್ಲ. ಕಂಪ್ನಿಯೋರೇ ಒಪ್ಕೊಂಡವ್ರೆ" ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ವಿಷಯ ತಿಳಿದ ತಂಗಮಣಿ ಹೆಲ್ಮೆಟ್ಟೂ ತೆಗೆಯದೆ ವರ್ಕ್‌ಷಾಪಿನೊಳಗೆ ನುಗ್ಗಿದರು. "ಅಣ್ಣಾ, ನಾನ್ ಒಂದು ಸೊಲ್ಲಟ್ಟುಮಾ, ಒಂದು ಮಾತು ಯೋಳ್ಲಾ? ಇಲ್ದಿರೋ ರೋಗ ಯೋಳಿದ್ರೆ ಪಾಲಿಸಿ ಸಿಗಲ್ಲ. ಇರೋ ರೋಗ ಮುಚ್ಚಿಟ್ರೆ ಆಮೇಲೆ ಕ್ಲೈಮ್ ಸಿಗಲ್ಲ. ಉಂಗ ಊರ್ಲ, ನಿಮ್ಮೂರಲ್ಲಿ, ಎರಡನ್ನೂ ಕರೆಕ್ಟಾಗಿ ಮಾಡ್ತೀರ!" ಎಂದರು. ಆ ಕೋಪದಲ್ಲೂ ಎಷ್ಟು ಸರಿಯಾಗಿ ನಮ್ಮನ್ನು ಅಳೆದರು ಎಂದು ಒಳಗೊಳಗೇ ಮೆಚ್ಚಿಕೊಂಡೆ. ಇಲ್ಲದ ರೋಗ ಹೇಳಿದ್ದು ನಾವು. ಇರುವ ರೋಗ ಮುಚ್ಚಿಟ್ಟವರು ಯಾರು ಎಂದು ನನಗೆ ಆಗ ಗೊತ್ತಿರಲಿಲ್ಲ.

ಅದು ನಮ್ಮ ನಿಂಗಕ್ಕ. ಮೋಟಾರಿನ ಕಾಯಿಲ್ ಸುತ್ತುವುದರಲ್ಲಿ ಅವಳ ಕೈಯನ್ನು ಮೀರಿಸುವ ಕೈ ಈ ಸೀಮೆಯಲ್ಲಿಲ್ಲ. ಕೂದಲಿನಂಥ ತಾಮ್ರದ ತಂತಿ ಅವಳ ಬೆರಳಲ್ಲಿ ಒಮ್ಮೆಯೂ ತೊಡರಿದ್ದನ್ನು ನಾನು ಕಂಡಿಲ್ಲ. ಗಂಡ ಕುರಿ ಹೊಡೆದುಕೊಂಡು ಮೇವಿದ್ದ ಕಡೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅವಳ ಬಾಯಿ ನಮ್ಮವ್ವನಿಗಿಂತ ಒಂದು ಕೈ ಮೇಲು. ಬೆಳಗ್ಗೆ ಬಂದು ಕೂತಾಗ ಶುರುವಾದ ಕಾಲುನೋವು ಮಧ್ಯಾಹ್ನಕ್ಕೆ ಕತ್ತಿಗೆ ಏರಿ ಸಂಜೆ ಕಣ್ಣಿಗೆ ಬಂದು ನಿಲ್ಲುತ್ತದೆ. ಅಂಥವಳು ಒಂದು ಬೆಳಗ್ಗೆ, ಜಯಮ್ಮ ಟೀ ಕೊಡುತ್ತಾ "ಎಂಗಿದೀಯ ನಿಂಗಕ್ಕ?" ಎಂದು ಕೇಳಿದರೆ, ತಲೆಯೆತ್ತದೆ, "ಚೆನ್ನಾಗಿವ್ನಿ ಕಣಕ್ಕ" ಎಂದುಬಿಟ್ಟಳು.

ಜಯಮ್ಮ ಟೀ ಲೋಟವನ್ನು ಅಲ್ಲೇ ನೆಲದ ಮೇಲಿಟ್ಟಳು. ನೇರ ನನ್ನ ಬಳಿ ಬಂದು, "ರೀ, ನಿಂಗಕ್ಕ ಚೆನ್ನಾಗಿವ್ನಿ ಅಂತು ಕಣ್ರೀ. ಏನೋ ಆಗ್ಬಾರ್ದು ಆಗೈತೆ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಸುಳ್ಳುನೋವನ್ನು ಊರಿಗೆಲ್ಲ ಹೇಳುವ ನಮ್ಮ ಹೆಂಗಸರು ನಿಜವಾದ ನೋವನ್ನು ಬಾಯಿಗೆ ತರುವುದಿಲ್ಲ, ತಂದರೆ ಅದು ಮೈಯಲ್ಲೇ ಮನೆ ಮಾಡುತ್ತದೆ ಎಂಬ ಭಯ ಎಂದು ಅವಳೇ ನನಗೆ ತಿಳಿಸಿದಳು. ಇಷ್ಟು ವರ್ಷ ಇವರ ನಡುವೆ ಬದುಕಿ ನನಗೆ ಹೊಳೆಯದ ಸಂಗತಿ ಇದು. ಅವತ್ತೇ ನಿಂಗಕ್ಕನನ್ನು ಬೈದು, ಹೆದರಿಸಿ, ಮೇಟೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಳು. ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಆಗಲೇಬೇಕು, ಬಿಟ್ಟರೆ ಕೀವಾಗಿ ಜೀವಕ್ಕೆ ಬರಬಹುದು ಎಂದರು ಡಾಕ್ಟರು. ನಿಂಗಕ್ಕ ತಿಂಗಳುಗಳಿಂದ ಪಕ್ಕೆ ಹಿಡಿದುಕೊಂಡು, ಬಾಳೆದಿಂಡಿನ ರಸ ಕುಡಿದು ತಳ್ಳುತ್ತಿದ್ದಳಂತೆ. ದುಡ್ಡಿಲ್ಲದೆ ಆಗುವ ಸರ್ಕಾರಿ ದೊಡ್ಡಾಸ್ಪತ್ರೆಗೆ ಹೋಗೋಣ ಎಂದರೆ, ಅವಳ ತಾಯಿ ಕಣ್ಣು ಮುಚ್ಚಿದ್ದು ಅಲ್ಲೇ, ಆ ಬಾಗಿಲು ತುಳಿಯಲಾರೆ ಎಂದು ಅತ್ತಳು. ಸರ್ಕಾರದ ವಿಮಾ ಕಾರ್ಡು ಸಿಗುವ ಹಾಗಿರಲಿಲ್ಲ, ಆದಾಯ ಸ್ವಲ್ಪ ಮೇಲೆ ಹೋಗಿತ್ತು. ಅವಳ ಗಂಡ ಜೀವಮಾನದಲ್ಲಿ ಒಂದೇ ಒಂದು ಸಲ "ಕುರಿ ಚೆನ್ನಾಗವೆ" ಎಂದಿದ್ದನಂತೆ. ಅದೂ ಆದಾಯಪತ್ರ ಬರೆಯುವ ಗ್ರಾಮಾಧಿಕಾರಿಯ ಮುಂದೆ!

ತಂಗಮಣಿಯನ್ನು ಮತ್ತೆ ಕರೆಸಿದೆವು. ಈಗ ಅವರು ಹೇಳಿದ ಸಂಗತಿ ಕೇಳಿ, ವಿಮಾ ಕಂಪನಿಗಳು ನನ್ನ ಜಾತಿಯವರೆಂಬ ನನ್ನ ಅಭಿಪ್ರಾಯ ಅರ್ಧ ಕರಗಿತು. ಸಣ್ಣ ವರ್ಕ್‌ಷಾಪುಗಳಿಗೂ ಕೆಲಸಗಾರರ ಗುಂಪು ವಿಮೆ ಎಂದು ಒಂದಿದೆಯಂತೆ. ಅವರು ತಂದ ಪಾಲಿಸಿಯಲ್ಲಿ ಒಬ್ಬೊಬ್ಬರಿಗೆ ಫೋನು ಮಾಡಿ ಮೈ ಹೇಗಿದೆ ಎಂದು ಕೇಳುವುದೇ ಇಲ್ಲ. ನಮ್ಮೂರಿಗೆಂದೇ ಹೊಲಿದ ಅಂಗಿ! ಮೊದಲಿನಿಂದ ಇರುವ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ. ಒಬ್ಬೊಬ್ಬರೇ ಮಾಡಿಸಿದರೆ ಅದಕ್ಕೆ ವರ್ಷಗಟ್ಟಲೆ ಕಾಯಬೇಕು. ಹೆಂಡತಿ, ಗಂಡ, ಮಕ್ಕಳು, ಸ್ವಲ್ಪ ಹೆಚ್ಚು ಕಟ್ಟಿದರೆ ಅತ್ತೆ ಅಥವಾ ಅವ್ವ, ಎಲ್ಲರೂ ಸೇರಬಹುದು. ನಮ್ಮ ಹಿರಿಯ ಮೆಕ್ಯಾನಿಕ್ ಮಾದಣ್ಣ, ಎಲ್ಲದರಲ್ಲೂ ಸೋರುವ ಜಾಗ ಹುಡುಕುವವನು, "ನಾಳೆ ನಾನ್ ಕೆಲ್ಸ ಬಿಟ್ರೆ?" ಎಂದು ಕೇಳಿದ. ಅದೇ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಕೇಳಬಹುದು ಎಂದರು. "ದುಡ್ಡು ಕೊಡಾಕಿಲ್ಲ ಅಂತ ಮೊಂಡು ಮಾಡಿದ್ರೆ?" ದೂರು ಕೇಳುವುದಕ್ಕೆ ವಿಮಾ ಒಂಬುಡ್ಸ್‌ಮನ್ ಅಂತ ಒಬ್ಬರು ಇದ್ದಾರೆ, ಅವರ ಹತ್ತಿರ ಹೋಗಲು ವಕೀಲರು ಬೇಡ ಎಂದರು. ಹಾಗೆಂದು ಬೆಣ್ಣೆ ಮಾತ್ರ ತೋರಿಸಲಿಲ್ಲ. ರೂಮಿನ ಬಾಡಿಗೆಗೆ ಮಿತಿ ಇದೆ, ಅದಕ್ಕಿಂತ ದೊಡ್ಡ ರೂಮು ಹಿಡಿದರೆ ಕೈಯಿಂದ ಹೋಗುತ್ತದೆ, ಈಗಲೇ ತಿಳಿದುಕೊಳ್ಳಿ ಎಂದು ಬೆರಳಿಟ್ಟು ತೋರಿಸಿದರು. ನನ್ನ ಗ್ಯಾರಂಟಿ ಕಾರ್ಡನ್ನು ನಾನು ಯಾರಿಗೂ ಹೀಗೆ ಓದಿ ಹೇಳಿದವನಲ್ಲ. ಆ ಹೆಣ್ಣುಮಗಳ ಮೇಲೆ ನನಗೆ ಗೌರವ ಬಂತು, ಅದನ್ನು ಅಲ್ಲೇ ಹೇಳಿಯೂ ಬಿಟ್ಟೆ. "ಗೌರವ ಇರಲಿ ಅಣ್ಣಾ, ತಲೆ ಎಣಿಸಿ. ಏಳು ಜನ ಕೆಲಸಗಾರರು ಬೇಕು" ಎಂದರು.

ಎಣಿಸಿದೆವು. ಮಾದಣ್ಣ, ನಿಂಗಕ್ಕ, ಬೋರಿನಿಂದ ಮೋಟಾರು ಎಳೆಯುವ ಅಣ್ಣತಮ್ಮಂದಿರು, ಲೇತ್ ಹಿಡಿಯುವವನು, ಗೂಡ್ಸ್ ಆಟೋ ಓಡಿಸುವವನು. ಆರು. "ನಾನೊಬ್ಬ, ಏಳು!" ಎಂದು ಎದೆ ತಟ್ಟಿಕೊಂಡೆ. "ನೀವು ಓನರ್ ಅಣ್ಣಾ. ನೀವೇ ನಿಮಗೆ ಸಂಬಳ ಕೊಟ್ಟುಕೊಳ್ಳೋಕೆ ಆಗಲ್ಲ. ಈ ಪಾಲಿಸಿಯಲ್ಲಿ ಓನರು ಕೆಲಸಗಾರ ಅಲ್ಲ" ಎಂದರು ತಂಗಮಣಿ. ಆರು ಜನರೂ ಒಟ್ಟಿಗೆ ತಲೆಯಾಡಿಸಿದರು. ನಾನು ಕೆಲಸಗಾರ ಅಲ್ಲ ಎಂಬುದು ಅವರಿಗೆ ಮೊದಲೇ ಗೊತ್ತಿದ್ದ ಹಾಗೆ ಕಾಣಿಸಿತು. ಆಗ ಎದ್ದು ನಿಂತವನು ನನ್ನ ಬಾಮೈದ. ದಿನಾ ಬಂದು ಪೇಪರ್ ಓದಿ, ಟೀ ಕುಡಿದು ಹೋಗುವುದು ಅವನ ಉದ್ಯೋಗ. "ಭಾವ, ನನ್ ಎಸ್ರು ಆಕ್ಕಳಿ. ನಾನೂ ದಿನಾ ಬರ್ತೀನಲ್ಲ" ಎಂದ. ನನಗೂ ಒಂದು ಗಳಿಗೆ ಆಸೆ ಹತ್ತಿತು. ತಂಗಮಣಿ ಮುಖ ಗಂಟಿಕ್ಕಿ, ಕೆಲಸ ಮಾಡದವರನ್ನು ಕೆಲಸಗಾರರೆಂದು ಸೇರಿಸಿದರೆ ಅದು ಮೋಸ, ಅದು ಗೊತ್ತಾದ ದಿನ ನಿಂಗಕ್ಕನ ಆಪರೇಷನ್ನೂ ಸೇರಿ ಎಲ್ಲದಕ್ಕೂ ಕುತ್ತು ಎಂದರು. ಮೂಲೆಯಲ್ಲಿ ಪಕ್ಕೆ ಒತ್ತಿಕೊಂಡು ಕೂತಿದ್ದ ನಿಂಗಕ್ಕ, "ಓಗ್ಲಿ ಬುಡಿ ಅಣ್ಣ, ನಾನ್ ಚೆನ್ನಾಗೇ ಇವ್ನಿ" ಎಂದಳು.

ಮಾದಣ್ಣ ಕೆಮ್ಮಿದ. "ಏಳ್ನೇವ್ರು ಇಲ್ಲೇ ನಿಂತವ್ರಲ್ಲ, ಯಾರ್ಗೂ ಕಾಣಾಕಿಲ್ವಾ?" ಎಂದು ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಜಯಮ್ಮ ಟೀ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಫೋನು ಎತ್ತುವವಳು, ಯಾರ ಮೋಟಾರು ಯಾವತ್ತು ಬೇಕೆಂದು ಒಪ್ಪಿಕೊಳ್ಳುವವಳು, ಹಳೆ ತಾಮ್ರವನ್ನು ತೂಗಿ ಮಾರುವವಳು, ಸೇಲಂಗೆ ಹೋಗಿ ತಂತಿ, ಬೇರಿಂಗು ತರುವವಳು, ಗ್ಯಾರಂಟಿ ಜಗಳಕ್ಕೆ ಬಂದವರನ್ನು ಕೂರಿಸಿ ನಗಿಸಿ ಕಳಿಸುವವಳು. ಮದುವೆಯಾದಾಗಿನಿಂದ ಇವೆಲ್ಲ ತಮ್ಮಷ್ಟಕ್ಕೆ ತಾವೇ ಆಗುತ್ತವೆ ಎಂದು ನಾನು ನಂಬಿದ್ದೆ. "ಅಕ್ಕ ಒಂದಿನ ತವ್ರಿಗೋದ್ರೆ ಷಾಪು ಮುಚ್ಚಿದಂಗೇ" ಎಂದರು ಮೋಟಾರು ಎಳೆಯುವ ಅಣ್ಣತಮ್ಮಂದಿರು. ತಂಗಮಣಿಯ ಮುಖ ಅರಳಿತು. ನಿಜವಾಗಿ ಕೆಲಸ ಮಾಡುತ್ತಿದ್ದಾರಲ್ಲ, ತಿಂಗಳು ತಿಂಗಳು ಅವರ ಬ್ಯಾಂಕ್ ಅಕೌಂಟಿಗೆ ನಿಜವಾಗಿ ಸಂಬಳ ಹೋಗಲಿ, ಓನರ ಹೆಂಡತಿ ಎಂಬುದನ್ನೂ ಮುಚ್ಚಿಡದೆ ಕಂಪನಿಗೆ ಬರೆದು ಕೇಳಿಯೇ ಸೇರಿಸೋಣ ಎಂದರು. ಜಯಮ್ಮ ತಟ್ಟೆ ಕೆಳಗಿಟ್ಟಳು. "ಸಂಬ್ಳ ಎಷ್ಟು?" ಎಂದು ಕೇಳಿದಳು. ನಾನು ಅಭ್ಯಾಸಬಲದಿಂದ "ನೋಡಣ" ಎಂದೆ. "ನೀವ್ ನೋಡ್ತಾ ಇರಿ. ನಾನು ಬೇರೆ ವರ್ಕ್‌ಷಾಪ್ ನೋಡ್ಕತೀನಿ" ಎಂದಳು. ನಗು ತಡೆಯಲಾರದೆ ನಿಂಗಕ್ಕ, "ನಗಿಸ್ಬ್ಯಾಡಿ ಕಣಕ್ಕ, ಒಟ್ಟೆ ಇಡ್ಕತದೆ" ಎಂದು ಗೋಗರೆದಳು. ಮಾದಣ್ಣನ ಸಂಬಳಕ್ಕಿಂತ ಸ್ವಲ್ಪ ಹೆಚ್ಚಿಗೇ ಒಪ್ಪಿಕೊಂಡೆ. ಒಪ್ಪಿಕೊಂಡೆ ಎನ್ನುವುದಕ್ಕಿಂತ, ಎಲ್ಲರ ಮುಂದೆ ನನಗೆ ಬೇರೆ ದಾರಿ ಇರಲಿಲ್ಲ ಎನ್ನುವುದು ಮರ್ಯಾದೆ.

ಕಂಪನಿಯವರು ವಿಚಾರಿಸಿ ಒಪ್ಪಿದರು. ಕಾರ್ಡುಗಳು ಬಂದವು. ಜಯಮ್ಮನ ಕಾರ್ಡಿನ ಜೊತೆಗೆ ನನ್ನದೂ ಬಂತು. ಅವಳ ಹೆಸರಿನ ಮುಂದೆ ಕೆಲಸಗಾರರು ಎಂದಿತ್ತು. ನನ್ನ ಹೆಸರಿನ ಮುಂದೆ ಡಿಪೆಂಡೆಂಟ್, ಗಂಡ. ಅವಳನ್ನು ನಂಬಿಕೊಂಡು ಇರುವವನು. ಶಟರಿನ ಮೇಲೆ ದೊಡ್ಡದಾಗಿ ಪ್ರೊಪ್ರೈಟರ್ ಎಂದು ಬರೆಸಿಕೊಂಡ ನನ್ನ ವಿಷಯದಲ್ಲಿ ಇಷ್ಟು ನಿಜವಾದ ಮಾತನ್ನು ಯಾವ ಕಂಪನಿಯೂ ಈವರೆಗೆ ಬರೆದಿರಲಿಲ್ಲ.

ನಿಂಗಕ್ಕನನ್ನು ಸೇಲಂನ ಒಂದು ಆಸ್ಪತ್ರೆಗೆ ಸೇರಿಸಿದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಾನೇ ಹೋದೆ. ವಿಮೆಯ ಮೇಜಿನ ಹುಡುಗಿ, ಕಂಪನಿಯವರು ಕೇಳುತ್ತಿದ್ದಾರೆ, ಇವರು ನಿಮ್ಮಲ್ಲೇ ಕೆಲಸ ಮಾಡುವವರು ಎಂದು ಸಂಸ್ಥೆಯವರು ಹೇಳಬೇಕು ಎಂದಳು. ನಾನು ಮುಂದೆ ಬಂದು, "ನಾನೇ ಓನರು" ಎಂದೆ. ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. ಬಹಳ ಹೊತ್ತು ಹುಡುಕಿ, "ಸಾರ್, ನೀಂಗ ಡಿಪೆಂಡೆಂಟ್. ಜಯಮ್ಮಾ ಮೇಡಂ ಇಲ್ಲೈಯಾ?" ಎಂದಳು. ಪಾಲಿಸಿಯಲ್ಲಿ ಸಂಸ್ಥೆಯ ಪರವಾಗಿ ಕೊಟ್ಟಿದ್ದ ಹೆಸರು ಅವಳದು, ನಂಬರು ಬೋರ್ಡಿನದು. ಫೋನು ಹೋಯಿತು. ಆ ಕಡೆಯಿಂದ ಜಯಮ್ಮ ಮೇಡಂ ಲೇತಿನ ಸದ್ದಿನ ನಡುವೆ ನಾಲ್ಕು ಮಾತಾಡಿದಳು, ಕೆಲಸ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಒಪ್ಪಿಗೆ ಬಂತು, ಮರುದಿನ ಆಪರೇಷನ್ನೂ ಆಯಿತು. ನನ್ನ ಪಾಲಿಗೆ ಉಳಿದದ್ದು ಎಳನೀರು ತರುವ ಕೆಲಸ. ಅದನ್ನು ನಾನು ಚೆನ್ನಾಗಿಯೇ ಮಾಡಿದೆ.

ಆದರೂ ಒಂದು ಹೆದರಿಕೆ ಉಳಿದಿತ್ತು. ಮನೆಗೆ ಬಂದ ಮೇಲೂ ನಿಂಗಕ್ಕ ಯಾರು ಕೇಳಿದರೂ "ಚೆನ್ನಾಗಿವ್ನಿ" ಎಂದೇ ಹೇಳುತ್ತಿದ್ದಳು. ಡಾಕ್ಟರು ಎಲ್ಲ ಸರಿಯಿದೆ ಎಂದರೂ ಜಯಮ್ಮ ನಂಬಲಿಲ್ಲ. ಹೊಲಿಗೆ ಒಣಗಿ, ಮತ್ತೆ ಕೆಲಸಕ್ಕೆ ಬಂದ ದಿನ ನಮ್ಮವ್ವ ಹೋಗಿ ಅವಳ ಮುಂದೆ ಕೂತು, "ಎಂಗಿದೀಯವ್ವ ನಿಂಗಿ?" ಎಂದು ಕೇಳಿದಳು. ನಾವೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿದೆವು. ನಿಂಗಕ್ಕ ತಂತಿಯ ಉರುಳೆ ಎತ್ತಿಕೊಂಡು, ಸೊಂಟ ಹಿಡಿದುಕೊಂಡು, ಮುಖ ಹುಳ್ಳಗೆ ಮಾಡಿದಳು. "ಏನೋ ಅವ್ನಿ ಕಣತ್ತೆ. ಕಾಲು ಜೋಮು, ಕತ್ತು ಇಡ್ಕೊಂಡದೆ, ರಾತ್ರಿಯೆಲ್ಲಾ ನಿದ್ದೆ ಇಲ್ಲ, ಈ ಕಣ್ಣಂತೂ..." ಅವಳು ಮುಗಿಸುವ ಮೊದಲೇ ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾದಣ್ಣ ಲೇತಿನ ಕಡೆ ತಿರುಗಿದ. ನಮ್ಮ ನಿಂಗಕ್ಕ ಪೂರ್ತಿ ಗುಣವಾಗಿದ್ದಳು.

ಹೇಳುವಷ್ಟು ಹೇಳಿ ಮುಗಿಸಿ ಅವಳು ಮರ್ಯಾದೆಗೆ ನನ್ನ ಕಡೆ ತಿರುಗಿ, "ನೀವೆಂಗಿದೀರಿ ಅಣ್ಣ?" ಎಂದು ಕೇಳಿದಳು. ಆ ಸಂತೋಷದಲ್ಲಿ ಊರು, ಕಣ್ಣು, ದೃಷ್ಟಿ ಎಲ್ಲ ಮರೆತು, "ಚೆನ್ನಾಗಿವ್ನಿ ಕಣವ್ವ" ಎಂದುಬಿಟ್ಟೆ. ಮತ್ತೆ ಶುರುವಾಗಿದ್ದ ಲೇತು ನಿಂತಿತು. ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. ಜಯಮ್ಮ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಫೋನು ತೆಗೆದು, ಮೇಟೂರಿನ ಡಾಕ್ಟರ ಕ್ಲಿನಿಕ್ಕಿಗೆ ಹಚ್ಚಿದಳು. "ನಾಳೆ ಬೆಳಗ್ಗೆ ಒಬ್ರನ್ನ ಕರ್ಕೊಂಡ್ ಬತ್ತೀನಿ, ಎಲ್ಲಾ ಟೆಸ್ಟೂ ಮಾಡ್ಬೇಕು. ನನ್ ಡಿಪೆಂಡೆಂಟು. ಚೆನ್ನಾಗಿವ್ನಿ ಅಂತಾವ್ರೆ" ಎಂದಳು.